ಮಜ್ಜಿಗೆಯ ಬೋಗುಣಿ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಎಂದು ತಿನ್ನುವವರು ಹೇಳುತ್ತಾರೆ. ದಿನವಿಡೀ ಅದರ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರ ಕೈಗಳನ್ನು ಕೇಳಿ ನೋಡಬೇಕು! ನನ್ನ ಅಕ್ಕ ಆ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಮನೆಗೆ ಬಂದವಳೇ ಯಾರೊಡನೆಯೂ ಮಾತಾಡದೆ ಬೋಗುಣಿಗೆ ಮಜ್ಜಿಗೆ ಸುರಿದು, ಎರಡೂ ಕೈ ಅದರಲ್ಲಿ ಅದ್ದಿ ಕೂರುತ್ತಿದ್ದಳು. ಉರಿ ಇಳಿದ ಮೇಲೆಯೇ ಬಾಯಿ ಬಿಡುತ್ತಿದ್ದದ್ದು. ಬಿಟ್ಟರೆ ಮುಗೀತು, ನನ್ನ ಪಾಳಿ.

"ಗ್ವಾಡಿಗೆ ಸುಣ್ಣಾ ಹಚ್ಚಂದ್ರ ಮಾರಿ ತಿರುವ್ತಾನ, ಮಂದಿ ಮಾರಿ ಬರಿಯಾಕ ದಿನಾ ಹಾವೇರಿಗೆ ಹೋಗ್ತಾನ!"

ಅಪ್ಪ, ಅವ್ವ ಬೇಗ ತೀರಿಕೊಂಡಿದ್ದರು. ನನ್ನನ್ನು ಹಾವೇರಿಯ ಚಿತ್ರಕಲಾ ಶಾಲೆಗೆ ಸೇರಿಸಿದವಳೂ ಅವಳೇ, ಓದಿಸುತ್ತಿದ್ದವಳೂ ಅವಳೇ. ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತದು.

ಶಾಲೆಯಲ್ಲಿ ನಮಗೆ ಕಲಿಸುತ್ತಿದ್ದ ಸರ್ ಮೊದಲ ವಾರವೇ ನನ್ನ ಜಂಬ ಇಳಿಸಿದರು. ನಾನು ಬರೆದ ಎಮ್ಮೆಯ ಚಿತ್ರ ನೋಡಿ, "ಇದರ ಕಿವಿ ಎಲ್ಲಿ ಅದಾವು? ಕೋಡಿನ ಮ್ಯಾಲೋ, ಕೆಳಗೋ?" ಎಂದರು. ನಾನು ತಬ್ಬಿಬ್ಬಾದೆ. "ಹುಟ್ಟಿದಾಗಿಂದ ಎಮ್ಮಿ ನೋಡೀದಿ, ಅದರ ಕಿವಿ ನೋಡಿಲ್ಲ. ಗೊತ್ತಿದ್ದದ್ದು ಬರೀಬ್ಯಾಡಪಾ, ಕಂಡದ್ದು ಬರಿ." ಇಡೀ ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಕೂತು, ಗುತ್ತಲದ ಬಸ್ಸಿಗೆ ಕಾಯುವವರ ಮೂಗು, ಮೊಣಕಾಲು, ಚಪ್ಪಲಿಗಳನ್ನೆಲ್ಲ ಬರೆದು ಬರೆದು ಪುಸ್ತಕ ತುಂಬಿಸಿದೆ. ನೋಡುವುದು ನನಗೆ ಚಟವಾಯಿತು.

ಆಮೇಲೆ ಕರಿ ಶಾಯಿ ಬಂತು. ಶಾಯಿಗೆ ನೀರು ಬೆರೆಸಿ ಪದರ ಪದರವಾಗಿ ಬಳಿಯುವ ಕೆಲಸ. ಅದರಲ್ಲಿ ಬಿಳಿ ಬಣ್ಣವೇ ಇಲ್ಲ. ಬೆಳಕು ಬೇಕಾದ ಕಡೆ ಕಾಗದವನ್ನು ಹಾಗೇ ಬಿಡಬೇಕು. ಒಮ್ಮೆ ಬಳಿದರೆ ಬಿಳಿ ಮರಳಿ ಬಾರದು. ಒಂದು ಪದರ ಒಣಗದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ಈ ವಿಷಯದಲ್ಲಿ ನಾನು ಒಮ್ಮೆ ನಪಾಸಾಗಿದ್ದೆ. ಎರಡನೆಯ ಸಲ, ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ಬರೆದ ಒಂದು ಚಿತ್ರ ಒಪ್ಪಿಸಬೇಕಿತ್ತು. ಈ ಸಲವೂ ಹೋದರೆ ಶಾಲೆ ಬಿಡುವುದೇ ಎಂದು ಅಕ್ಕನಿಗೂ ಗೊತ್ತಿತ್ತು.

ಒಂದು ಸಂಜೆ ಅವಳು ಬಂದು, ಬೋಗುಣಿಗೆ ಮಜ್ಜಿಗೆ ಸುರಿದು ಬಾಗಿಲ ಬಳಿ ಕೂತಳು. ಪಡುವಣ ಬಿಸಿಲು ಅವಳ ಕೈಗಳ ಮೇಲೆ ನೇರ ಬಿದ್ದಿತ್ತು. ಬೆರಳುಗಳು ಸೆಟೆದು ಬಾಗಿದ್ದವು, ನರಗಳು ಎದ್ದು ಕಾಣುತ್ತಿದ್ದವು. ಭಪ್ಪರೇ, ಎಂಥಾ ಕೈಗಳು!

"ಅಕ್ಕಾ, ತಡಿ! ಹಂಗ ಇರು. ಕೈ ಅದ್ದಬ್ಯಾಡ."

"ಉರೀತಾವೋ."

"ಐದ ನಿಮಿಷ, ಅಷ್ಟ."

"ಲಗೂ ಮುಗಸಪಾ."

ಐದು ನಿಮಿಷದಲ್ಲಿ ಪೆನ್ಸಿಲ್ಲಿನ ಗೆರೆಯೂ ಮುಗಿಯಲಿಲ್ಲ. ಆಮೇಲೆ ಮೊದಲ ಪದರ, ಅದು ಒಣಗುವವರೆಗೆ ಕಾಯುವುದು. ಎರಡನೆಯದು, ಮತ್ತೆ ಕಾಯುವುದು. ನಡುವೆ ಒಮ್ಮೆ ಅವಳ ಕೈ ಬೋಗುಣಿಯ ಕಡೆ ಸರಿಯಿತು. "ಅಲ್ಲಾಡಬ್ಯಾಡ ಅಂದ್ರ ತಿಳಿಯೂದಿಲ್ಲೇನು?" ಎಂದು ಗದರಿದೆ. ಗದರಿದವನು ನಾನೇ! ಅವಳು ಕೈಯನ್ನು ಮೊದಲಿದ್ದಲ್ಲೇ ಇಟ್ಟಳು. ಬಿಸಿಲು ಹೋಗುವವರೆಗೆ ಬರೆದೆ. ಬೋಗುಣಿಯ ಮಜ್ಜಿಗೆಯಿದ್ದ ಕಡೆ ಕಾಗದವನ್ನು ಬಿಳಿಯಾಗೇ ಉಳಿಸಿದೆ. ಚಿತ್ರ ಅಲ್ಲೇ ಗೆದ್ದಿತ್ತು, ನಾನು ಹಿಗ್ಗಿಹೋದೆ. ಅಕ್ಕ ಆ ಸಂಜೆ ಬಹಳ ಹೊತ್ತು ಕೈ ಅದ್ದಿಕೊಂಡು ಕೂತಿದ್ದಳು. ನನ್ನನ್ನು ಛೇಡಿಸಲಿಲ್ಲ. ದಣಿದಿದ್ದಾಳೆ ಅಂದುಕೊಂಡೆ.

ಮರುದಿನ ಸರ್ ಚಿತ್ರವನ್ನು ಕಿಟಕಿಗೆ ಹಿಡಿದು ನೋಡಿದರು. ನಾನು ಶಭಾಸ್‌ಗಿರಿಗೆ ಕಾಯುತ್ತಿದ್ದೆ.

"ಬೋಗುಣ್ಯಾಗ ಏನೈತಿ?"

"ಮಜ್ಜಗಿ, ಸರ್."

"ಕುಡಿಯಾಕೇನು?"

"ಅಲ್ರಿ. ಮೆಣಸಿನಕಾಯಿ ಕೆಲಸಾ ಮಾಡಿ ಬಂದಿದ್ಲು. ಉರಿಗೆ ಕೈ ಅದ್ದಾಕ."

"ಮತ್ತ ಯಾಕ ಅದ್ದಿಲ್ಲ?"

ನಾನು ಚಿತ್ರದತ್ತ ನೋಡಿದೆ. ಸೆಟೆದ ಬೆರಳು, ಎದ್ದ ನರ, ಎಲ್ಲ ಇದ್ದದ್ದು ಇದ್ದ ಹಾಗೆ ಕಾಗದದ ಮೇಲಿತ್ತು. ಆ ನೋವು ಮಾತ್ರ ಬರೆದವನಿಗೆ ತಟ್ಟಿರಲಿಲ್ಲ. ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಚಿತ್ರದ ಹಿಂದೆ ಅಂಕ ಬರೆದು ಕೈಗಿತ್ತರು. ತರಗತಿಗೇ ಹೆಚ್ಚಿನ ಅಂಕ. ಅಕ್ಕ ಆ ವಾರ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಸಕ್ಕರೆ ಬಾಯಿಗೆ ಹಾಕಿಕೊಂಡೆ, ಹೇಳಬೇಕಾದ ಮಾತು ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೇ ವರ್ಷಗಳು ಹೋದವು.

ನನಗೆ ರಾಣೇಬೆನ್ನೂರಿನಲ್ಲಿ ಚಿತ್ರಕಲಾ ಮಾಸ್ತರನ ನೌಕರಿ ಸಿಕ್ಕ ಮೇಲೆ ಅಕ್ಕ ಮೆಣಸಿನಕಾಯಿ ಕೆಲಸ ಬಿಟ್ಟು ನನ್ನ ಜೊತೆ ಅಲ್ಲಿಗೇ ಬಂದಳು. ಒಂದು ಭಾನುವಾರ ಶಾಯಿ, ಕುಂಚ ತೆಗೆದು, "ನಿನ್ನ ಚಿತ್ರಾ ಬರೀತೇನಿ, ಕುಂದ್ರು" ಎಂದೆ. ಬರೆಯುತ್ತಾ ಬರೆಯುತ್ತಾ ಆ ಮಾತು ಆಡಿಬಿಡಬೇಕು, ತಪ್ಪಾಯಿತು ಎನ್ನಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಅವಳು ನಗುತ್ತಾ ಬಂದು ಬಾಗಿಲ ಬಳಿ ಕೂತಳು. ಕೂತವಳೇ ಕೈಗಳನ್ನು ಮೊಣಕಾಲ ಮೇಲಿಟ್ಟು, ಬೆರಳು ಸೆಟೆಸಿ ಉಸಿರು ಹಿಡಿದಳು.

"ಆರಾಮ ಕುಂದ್ರು ಅಕ್ಕಾ. ಯಾಕ ಹಂಗ?"

"ಬ್ಯಾಡಪಾ," ಎಂದಳು ತುಟಿ ಮಾತ್ರ ಅಲ್ಲಾಡಿಸಿ. "ಅಲ್ಲಾಡಿದ್ರ ನೀ ಬೈತೀದಿ."