ಕೆಳಗಿನಿಂದ ಮೇಲಕ್ಕೆ ಸುತ್ತುವ ಟೇಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಲೋ ಅಕ್ಕ ಆಗಲೇ ಬೋಟಿನ ಕಂಬದ ತುದಿ ಹತ್ತಿ ಕೂತಿದ್ದಾರೆ. ಬಾಯಲ್ಲಿ ಕಟರ್, ಕೈಯಲ್ಲಿ ಕಪ್ಪು ರಬ್ಬರ್ ಟೇಪು. ಆಂಟೆನಾಕ್ಕೆ ಕೇಬಲ್ ಸೇರುವ ಜಾಗಕ್ಕೆ ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ. ಅವರ ಬಗ್ಗೆ ಬರೆಯಲು ಬಂದು ಕೆಳಗೆ ನಿಂತ ನನಗೆ ಕುತ್ತಿಗೆ ನೋವು ಶುರುವಾಗಿದೆ. ಬೋಟಿನ ಯಜಮಾನ ಅವರ ಸ್ವಂತ ತಮ್ಮ. ಹೊತ್ತಾಯ್ತು, ಇಳಿ ಎಂದು ಮೂರು ಸಲ ಗೊಣಗಿದ. ಅಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ.

ಇವರ ನಿಜವಾದ ಹೆಸರು ಕೇಳಿದರೆ ಬಂದರಿನ ಜನ ತಲೆ ಕೆರೆದುಕೊಳ್ಳುತ್ತಾರೆ. ದಿನವಿಡೀ ಮೈಕ್ ಹಿಡಿದು "ಹಲೋ, ಕೇಳ್ತಿದೆಯಾ" ಎನ್ನುವುದರಿಂದ ಹಲೋ ಅಕ್ಕ. ಇಪ್ಪತ್ತೆರಡು ವರ್ಷದಿಂದ ಬೋಟುಗಳಿಗೆ ವೈರ್‌ಲೆಸ್ ಕೂರಿಸುವುದೇ ಕೆಲಸ. ಬೆಸುಗೆ ಹಾಕಲು ಕಲಿತದ್ದು ಮಾವನ ರಿಪೇರಿ ಅಂಗಡಿಯಲ್ಲಿ, ಹಳೇ ಟೇಪ್‌ರೆಕಾರ್ಡರುಗಳ ಹೊಟ್ಟೆ ಬಗೆದು. ಇಲ್ಲಿಯವರೆಗೆ ಮುನ್ನೂರಕ್ಕೂ ಹೆಚ್ಚು ಬೋಟುಗಳಾಗಿವೆ. ಒಂದೊಂದಕ್ಕೂ ನಾಲ್ಕು ಗಂಟೆ ಬೇಕು. ಚುಕ್ಕಾಣಿಯ ಪಕ್ಕ ವೈರ್‌ಲೆಸ್ ಪೆಟ್ಟಿಗೆ ಬಿಗಿಯುವುದು ಹತ್ತೇ ನಿಮಿಷ, ಉಳಿದದ್ದೆಲ್ಲ ನೀರಿನ ಜೊತೆ ಗುದ್ದಾಟ. ಕೇಬಲ್ ಕ್ಯಾಬಿನ್ನಿನ ಒಳಗೆ ಹೋಗುವ ಮುಂಚೆ ಸ್ವಲ್ಪ ಜೋತು ಬೀಳುವಂತೆ ಬಿಡುತ್ತಾರೆ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು.

ಇನ್ನು ಆ ಟೇಪು. ಹೆಂಚು ಹೊದಿಸುವ ಹಾಗೆ ಕೆಳಗಿನಿಂದ ಮೇಲಕ್ಕೇ ಸುತ್ತಬೇಕು. ಆರು ವರ್ಷದ ಹಿಂದೆ ಇದೇ ತಮ್ಮನ ಹಳೇ ಬೋಟಿಗೆ, ಅವಸರದಲ್ಲಿ, ಮೇಲಿನಿಂದ ಕೆಳಕ್ಕೆ ಸುತ್ತಿಬಿಟ್ಟರು. ಹಾಗೆ ಸುತ್ತಿದರೆ ಪ್ರತಿ ಸುತ್ತಿನ ಅಂಚೂ ಮೇಲಕ್ಕೆ ಬಾಯಿ ತೆರೆದಿರುತ್ತದೆ. ದಡದಲ್ಲಿ ಪರೀಕ್ಷೆ ಮಾಡಿದಾಗ ದನಿ ಖಣಖಣ ಅಂದಿತ್ತು. ಹತ್ತಿರದಲ್ಲಿ ಎಂಥಾ ಕೆಟ್ಟ ಜೋಡಣೆಯೂ ಮಾತಾಡುತ್ತದೆ ನೋಡಿ! ತಿಂಗಳೊಳಗೆ ಉಪ್ಪುನೀರು ಜೋಡಣೆಯನ್ನು ತಿಂದಿತ್ತು. ಆಮೇಲೊಂದು ದಿನ ಇಂಜಿನ್ ಕೆಟ್ಟು ಬೋಟು ನಡುಗಡಲಲ್ಲಿ ಎರಡು ದಿನ ತೇಲಿತು. ಬಂದರಿನ ದೊಡ್ಡ ರೇಡಿಯೊದಿಂದ ಅಕ್ಕ ಕರೆದದ್ದು ತಮ್ಮನಿಗೆ ಕೇಳುತ್ತಿತ್ತು. ಅವನ ಉತ್ತರ ದಡ ಮುಟ್ಟಲಿಲ್ಲ. ಕೊನೆಗೆ ಯಾವುದೋ ಹಡಗಿನವರು ಕಂಡು ಎಳೆದು ತಂದರು.

"ಬಂದವನು ಬಯ್ಲಿಲ್ಲ. ಕರೆದೂ ಕರೆದೂ ನಿನ್ನ ದನಿ ಬಿದ್ದುಹೋಗಿದ್ದೂ ಕೇಳಿಸ್ತು ಅಕ್ಕ, ಅಂದ. ಅದರ ಬದಲು ನನಗೆ ಎರಡು ಏಟು ಬಿಟ್ಟಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಅಕ್ಕ, ಮುಖ ಆಚೆ ತಿರುಗಿಸಿ.

ಅವತ್ತಿನಿಂದ ಒಂದು ನೇಮ. ದಡ ಕಣ್ಮರೆಯಾಗುವಷ್ಟು ದೂರ ಹೋಗಿ ಬೋಟಿನವರು ಕರೆಯಬೇಕು. ಆ ದನಿ ಕೇಳಿದ ಮೇಲೆಯೇ ಅವರ ಕೆಲಸ ಮುಗಿದ ಲೆಕ್ಕ. ಅಲ್ಲಿಯವರೆಗೆ ಊಟವಿಲ್ಲ, ಕೂರುವುದಿಲ್ಲ. ಇವತ್ತು ತಮ್ಮನ ಹೊಸ ಬೋಟು. ಒಂಬತ್ತಕ್ಕೆ ಕರೆಯುತ್ತೇನೆ ಎಂದು ಹೇಳಿ ಹೋಗಿದ್ದಾನೆ.

ಒಂಬತ್ತೂವರೆ ಆಯಿತು. ಬಂದರಿನ ರೇಡಿಯೊ ಕೋಣೆಯಲ್ಲಿ ಇರುವುದು ಒಂದೇ ಕುರ್ಚಿ, ಅದೂ ಖಾಲಿ. ಅಕ್ಕ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಎರಡು ಸಲ ತಾವೇ ಕರೆದರು, ಉತ್ತರವಿಲ್ಲ. ಪೆನ್ನು ಕುಟ್ಟಬೇಡಿ ಎಂದು ನನ್ನನ್ನು ಗದರಿದರು. ಟೀ ಆರಿ ಕೆನೆ ಕಟ್ಟಿದೆ. ಸುತ್ತಿದ್ದು ಸರಿಯಾಗಿತ್ತಲ್ಲ, ನೀವೂ ನೋಡಿದ್ರಲ್ಲ ಎಂದು ಕೇಳುತ್ತಾರೆ. ನೋಡಿದೆ ಎನ್ನುತ್ತೇನೆ. ನನಗೇನು ಗೊತ್ತು!

ಹತ್ತಕ್ಕೆ ಪೆಟ್ಟಿಗೆ ಗರಗರ ಎಂದಿತು. "ಅಕ್ಕ, ಕೇಳ್ತಿದೆಯಾ?"

"ಕೇಳ್ತಿದೆ ಕಣೋ," ಎಂದವರು ಕುರ್ಚಿಯಲ್ಲಿ ಕುಸಿದು ಕೂತರು. ತಡವೇಕೆ ಎಂದು ಕೇಳಿದರೆ, ಮಹಾರಾಯ ಇಂಜಿನ್ ಹತ್ತಿರ ಕೂತು ತಿಂಡಿ ತಿನ್ನುತ್ತಿದ್ದನಂತೆ, ಆ ಸದ್ದಿನಲ್ಲಿ ಏನೂ ಕೇಳಲಿಲ್ಲವಂತೆ.

ಮುನ್ನೂರು ಬೋಟುಗಳಿಗೆ ದನಿ ಕೊಟ್ಟ ಈ ಹೆಂಗಸು ಒಮ್ಮೆಯೂ ಕಡಲಿಗೆ ಹೋದವರಲ್ಲ. ಉತ್ತರ ಕೊಡಲು ದಡದಲ್ಲಿ ಯಾರಾದರೂ ಇರಬೇಕಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಆರಿದ ಟೀಯನ್ನೇ ಒಂದು ಗುಟುಕು ಕುಡಿಯುತ್ತಾರೆ.

"ಒಂದು ಸಲ ಬೋಟಲ್ಲಿ ನಾನು ಹೋಗ್ಬೇಕು. ಅವನನ್ನ ಈ ಕುರ್ಚೀಲಿ ಕೂರಿಸ್ಬೇಕು. ಒಂದು ಗಂಟೆ ತಡ ಮಾಡಿ ಕರೀಬೇಕು." ಮೈಕನ್ನು ಕೊಕ್ಕೆಗೆ ಸಿಕ್ಕಿಸುತ್ತಾರೆ. "ಒಂದು ಗಂಟೆ ಬೇಡ. ಐದು ನಿಮಿಷ ಸಾಕು, ಪಾಪ."