ಬೀಡಿ ತಗಡು ಹಿಡಿದ ಗ್ರಾಫಿಕ್ಸ್ ಕಾರ್ಡ್

ಶನಿವಾರ, ಬೆಳಗಿನ ಆರು ಗಂಟೆ. ಜಾಲ್ಸೂರು ಜಂಕ್ಷನ್ನಿಗೆ ಕಾಸರಗೋಡಿನ ಬಸ್ಸು ಇನ್ನೂ ಬಂದಿಲ್ಲ. ಹೋಟೆಲಿನವರು ಈಗಷ್ಟೇ ಒಲೆ ಹಚ್ಚುತ್ತಿದ್ದಾರೆ. 'ಹೈದರ್ ಎಲೆಕ್ಟ್ರಾನಿಕ್ಸ್' ಎಂಬ ಮಾಸಿದ ಬೋರ್ಡಿನ ಕೆಳಗೆ ಮಾತ್ರ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಐವತ್ತೊಂದು ವರ್ಷದ ಕುಂಞಿಪಾತುಮ್ಮ ತಲೆವಸ್ತ್ರದ ತುದಿಯನ್ನು ಹಿಂದಕ್ಕೆ ಸಿಕ್ಕಿಸಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಒಂದು ಹಳೆಯ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಕುಳಿತಿದ್ದಾರೆ. ಗೋಡೆಗೆ ಬಣ್ಣ ಹೊಡೆಯುವ ಬ್ರಶ್ಶಿನಿಂದ ಫ್ಯಾನಿನ ಎಸಳೆಸಳಿನ ಧೂಳು ತೆಗೆಯುತ್ತಾರೆ. ಆ ಬೆರಳುಗಳಿಗೆ ಅವಸರವೂ ಇಲ್ಲ, ಅಳುಕೂ ಇಲ್ಲ.

"ಬೆಳಿಗ್ಗೆ ಕರೆಂಟು ಸರಿ ಇರ್ತದೆ," ಎನ್ನುತ್ತಾರೆ. "ಹತ್ತು ಗಂಟೆ ಕಳೆದ್ರೆ ಬಸ್ಸಿನ ಧೂಳು, ವೋಲ್ಟೇಜಿನ ಕುಣಿತ, ಮತ್ತೆ ಬಂದವರ ಉಪದೇಶ. ಮೂರೂ ಕಂಪ್ಯೂಟರಿಗೆ ಒಳ್ಳೆದಲ್ಲ."

ಮೇಜಿನ ಮೇಲಿರುವುದು ಕೊಲ್ಲಮೊಗ್ರಿನ ಭವಿತಾಳ ಕಂಪ್ಯೂಟರ್. ಕಂಪೆನಿಯೇ ಜೋಡಿಸಿ ಮಾರಿದ ಸಪೂರ ಪೆಟ್ಟಿಗೆ. ಯಾವುದೋ ಆಫೀಸಿನಲ್ಲಿ ಐದು ವರ್ಷ ದುಡಿದು, ಆಮೇಲೆ ಸೆಕೆಂಡ್ ಹ್ಯಾಂಡಾಗಿ ಅವಳ ಮನೆ ಸೇರಿದೆ. ಇಪ್ಪತ್ತಾರರ ಭವಿತಾ ಇದೇ ಪೆಟ್ಟಿಗೆಯ ಮುಂದೆ ಕುಳಿತು ಸುಳ್ಯದ ಒಬ್ಬ ಕಂಟ್ರಾಕ್ಟರಿಗೆ ಮನೆಗಳ ನಕ್ಷೆ ಬರೆದುಕೊಡುತ್ತಾಳೆ. ಇಲ್ಲಿಯವರೆಗೆ ಗೆರೆ ಎಳೆದರೆ ಸಾಕಿತ್ತು. ಈಗ ಮನೆ ಕಟ್ಟಿಸುವವರಿಗೆ ಇನ್ನೂ ಕಟ್ಟದ ಮನೆಯೊಳಗೆ ತಿರುಗಾಡಬೇಕಂತೆ. ಬಾಗಿಲಿನಿಂದ ಹೊಕ್ಕು, ಅಡುಗೆಮನೆ ನೋಡಿ, ಮಹಡಿ ಹತ್ತಿ ಇಳಿಯಬೇಕು. ಭವಿತಾಳ ಪೆಟ್ಟಿಗೆ ಬಾಗಿಲ ಹತ್ತಿರವೇ ನಿಂತುಬಿಡುತ್ತದೆ. ಸೋಮವಾರ ಹತ್ತು ಗಂಟೆಯೊಳಗೆ ಚಲಿಸುವ ಚಿತ್ರ ಕಳುಹಿಸದಿದ್ದರೆ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿ ಕಂಟ್ರಾಕ್ಟರ್ ಹೇಳಿಯಾಗಿದೆ.

ಹಾಗಾಗಿ ಅವಳು ಮೊದಲು ಹೋದದ್ದು ಪುತ್ತೂರಿನ ಒಂದು ದೊಡ್ಡ ಅಂಗಡಿಗೆ. ಚಿತ್ರ ಬಿಡಿಸುವ ಕೆಲಸವನ್ನಷ್ಟೇ ಹೊತ್ತುಕೊಳ್ಳುವ ಬೇರೆ ಹಲಗೆ, ಅಂದರೆ ಗ್ರಾಫಿಕ್ಸ್ ಕಾರ್ಡ್, ಹಾಕಿಕೊಡಿ ಎಂದಳು. ಅಲ್ಲಿಯವರು ಮುಚ್ಚಳವನ್ನೂ ತೆಗೆಯಲಿಲ್ಲ. ಇದು ಆಗುವುದಿಲ್ಲ, ಗುಜರಿಗೆ ಹಾಕಿ, ಹೊಸದು ತೆಗೆದುಕೊಳ್ಳಿ ಎಂದರು. ಜಾಲ್ಸೂರಿನಲ್ಲಿ ಒಬ್ಬರಿದ್ದಾರಂತಲ್ಲ ಎಂದು ಭವಿತಾ ಕೇಳಿದ್ದಕ್ಕೆ ಕೌಂಟರಿನಲ್ಲಿದ್ದವನು ನಕ್ಕನಂತೆ. "ಬೀಡಿ ಕಟ್ಟುವವರ ಕೈಗೆ ಕೊಡಿ, ಕಂಪ್ಯೂಟರಿನಲ್ಲೂ ಹೊಗೆ ಬರ್ತದೆ."

ಹುಡುಗಿ ಮರೆಮಾಚದೆ ಈ ಮಾತನ್ನು ಪಾತುಮ್ಮನವರಿಗೆ ಒಪ್ಪಿಸಿದ್ದಾಳೆ. ಅವರು ಪೆಟ್ಟಿಗೆ ತಿರುಗಿಸಿ ನೋಡಿದ್ದು, ಸ್ಕ್ರೂಡ್ರೈವರ್ ಎತ್ತಿದ್ದು ಆಮೇಲೆ. ಮೊದಲು ಹೇಳಿದ್ದು ಇಷ್ಟು: "ಸೋಮವಾರ ನಿನ್ನ ಕಂಪ್ಯೂಟರ್ ಓಡದಿದ್ರೆ ನನ್ನ ಅಂಗಡಿಯದ್ದನ್ನೇ ಹೊತ್ಕೊಂಡು ಹೋಗು ಮಾರಾಯ್ತಿ." ಅಂಗಡಿಯಲ್ಲಿ ಅವರ ಸ್ವಂತದ್ದೆಂದು ಇರುವುದು ಒಂದೇ ಒಂದು ಕಂಪ್ಯೂಟರ್. ರಿಪೇರಿಗೆ ಬಂದದ್ದನ್ನೆಲ್ಲ ಪರೀಕ್ಷಿಸುವುದು ಅದರಲ್ಲೇ. ಅದು ಹೋದರೆ ಶಟರ್ ಎಳೆದಂತೆಯೇ ಲೆಕ್ಕ.

ಪುತ್ತೂರಿನವನು ಬೀಡಿಯ ವಿಷಯದಲ್ಲಿ ಸುಳ್ಳೇನೂ ಹೇಳಲಿಲ್ಲ. ಹನ್ನೊಂದನೇ ವಯಸ್ಸಿನಿಂದ ಮೂವತ್ತಮೂರರವರೆಗೆ ಕುಂಞಿಪಾತುಮ್ಮ ಬೀಡಿಯನ್ನೇ ಕಟ್ಟಿದ್ದಾರೆ. ಮೊರ ತೊಡೆಯ ಮೇಲೆ, ಕತ್ತರಿ ಬಲಗೈಯಲ್ಲಿ. ಎಲೆಯ ಮೇಲೆ ಅಳತೆಯ ತಗಡು ಇಟ್ಟು ಅದರ ಅಂಚಿಗೇ ಕತ್ತರಿಸಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ದಿನಕ್ಕೆ ಏಳೆಂಟು ನೂರು ಬೀಡಿ. ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದರೆ ಅಲ್ಲಿನ ಚೆಕ್ಕರ್ ಕಟ್ಟು ಬಿಚ್ಚಿ, ಹಿಡಿಹಿಡಿಯಾಗಿ ಬದಿಗೆ ತಳ್ಳುತ್ತಿದ್ದ. "ಕಾರಣ ಹೇಳುದೇ ಇಲ್ಲ. ಆಗುದಿಲ್ಲ, ಅಷ್ಟೆ. ಬೆಳಿಗ್ಗೆಯಿಂದ ಕತ್ತು ಬಗ್ಗಿಸಿ ಕಟ್ಟಿದ್ದು ಒಂದು ಮಾತಿಗೆ ಕಸ. ಆ ಶಬ್ದ ಕೇಳಿದ್ರೆ ನನಗೆ ಈಗಲೂ ಪಿತ್ತ ನೆತ್ತಿಗೆ ಏರ್ತದೆ," ಎನ್ನುವಾಗ ಅವರ ದನಿ ನಿಜವಾಗಿಯೂ ಏರುತ್ತದೆ.

ಅಂಗಡಿ ಅಣ್ಣ ಹೈದರ್ ಅವರದು. ಟಿ.ವಿ., ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರು ಹದಿನಾಲ್ಕು ವರ್ಷದ ಹಿಂದೆ ಮತ್ತೆ ಶಾರ್ಜಾಕ್ಕೆ ಹೊರಟರು. ಅದಕ್ಕೂ ನಾಲ್ಕು ವರ್ಷ ಮೊದಲೇ ಬೀಡಿ ಬಿಟ್ಟು, ಅಂಗಡಿ ಗುಡಿಸಿ ಧೂಳು ಒರೆಸಲು ಬಂದಿದ್ದ ತಂಗಿಯ ಕೈಗೆ ಕೀಲಿಕೈ ಕೊಟ್ಟರು. ಬಂದವರ ಸಾಮಾನು ವಾಪಸು ಕೊಟ್ಟು ಬಾಗಿಲು ಹಾಕು ಎಂದಿದ್ದರು. ತಂಗಿ ಸಾಮಾನು ವಾಪಸು ಕೊಟ್ಟದ್ದು ನಿಜ, ರಿಪೇರಿ ಮಾಡಿ ಕೊಟ್ಟರು. ನಾಲ್ಕು ವರ್ಷ ಧೂಳು ಒರೆಸುತ್ತ ಕಣ್ಣು ಸುಮ್ಮನಿರಲಿಲ್ಲವಲ್ಲ! ಐದನೇ ಕ್ಲಾಸಿಗೆ ನಿಂತ ಓದು, ಇಂಗ್ಲಿಷ್ ಅಕ್ಷರ ಕಲಿತದ್ದು ಕಂಪ್ಯೂಟರಿನ ಹಲಗೆಗಳ ಮೇಲೆ ಅಚ್ಚಾದದ್ದನ್ನು ನೋಡಿ. ಗೋಡೆಯೇ ಅವರ ಪುಸ್ತಕ. ಕ್ಯಾಲೆಂಡರ್ ಸರಿಸಿದರೆ ಹಿಂದೆ ಪೆನ್ಸಿಲಿನಲ್ಲಿ, ಕನ್ನಡದಲ್ಲೇ, ಯಾವ ಕಂಪೆನಿಯ ಯಾವ ಪೆಟ್ಟಿಗೆ ಎಷ್ಟು ಅಗಲ, ಅದರ ಪವರ್ ಸಪ್ಲೈ ಎಷ್ಟು ವ್ಯಾಟ್ ಎಂದು ಸಾಲುಸಾಲು ಬರೆದಿದೆ.

ದಿನಕ್ಕೆ ಮೂರೋ ನಾಲ್ಕೋ ಪೆಟ್ಟಿಗೆ ಬರುತ್ತವೆ. ಗುಜರಿ ಎಂದು ಬಂದ ಹತ್ತರಲ್ಲಿ ಏಳು ಎದ್ದು ನಡೆದುಹೋಗುತ್ತವೆ. ಉಳಿದ ಮೂರರ ಬಗ್ಗೆ ಅವರಿಗೆ ಸಂಕೋಚವಿಲ್ಲ. "ಸತ್ತದ್ದನ್ನು ಸತ್ತದ್ದು ಅಂತಲೇ ಹೇಳ್ತೇನೆ. ಆದ್ರೆ ಬಿಚ್ಚಿ ನೋಡಿ ಹೇಳ್ತೇನೆ." ಅಂಗಡಿಗೆ ಬಂದವರು ಅವರ ತಲೆಯ ಮೇಲಿಂದ ಒಳಗೆ ಇಣುಕಿ, "ರಿಪೇರಿ ಮಾಡುವವರು ಇಲ್ವಾ?" ಎಂದು ಕೇಳುವುದು ಇಂದಿಗೂ ತಪ್ಪಿಲ್ಲ. "ಇದ್ದಾರೆ, ಕೂತ್ಕೊಳ್ಳಿ," ಎಂದು ಸ್ಟೂಲು ಕೊಟ್ಟು, ಅವರ ಕಣ್ಣೆದುರೇ ಸ್ಕ್ರೂ ಬಿಚ್ಚಲು ಶುರುಮಾಡುತ್ತಾರೆ. ಕುಳಿತವರ ಮುಖ ನೋಡುವುದು ಅವರಿಗೊಂದು ಮೋಜು.

ಭವಿತಾಳ ಪೆಟ್ಟಿಗೆಯಲ್ಲಿ ತೊಡಕು ಎರಡು. ಪವರ್ ಸಪ್ಲೈ ಚಿಕ್ಕದು, ಕಾರ್ಡಿಗೆಂದು ಬೇರೆ ವಯರು ಅದರಲ್ಲಿಲ್ಲ. ಪೆಟ್ಟಿಗೆಯೂ ಸಪೂರ, ಸಾಮಾನ್ಯ ಕಾರ್ಡ್ ಇಟ್ಟರೆ ಮುಚ್ಚಳ ಕೂರುವುದಿಲ್ಲ. "ಪುತ್ತೂರಿನವ ಹೇಳಿದ್ದು ಅರ್ಧ ಸರಿ. ದೊಡ್ಡ ಕಾರ್ಡಿಗೆ ಆಗುದಿಲ್ಲ. ಸಣ್ಣದಕ್ಕೆ ಎಂತ ರೋಗ? ಕೂತ ಜಾಗದಿಂದಲೇ ಕರೆಂಟು ಎಳೆದುಕೊಳ್ಳುವ ಕಾರ್ಡುಂಟು. ಎಪ್ಪತ್ತೈದು ವ್ಯಾಟಿನ ಒಳಗೆ. ಬೇರೆ ವಯರೇ ಬೇಡ."

ಅಂಥದ್ದೊಂದನ್ನು ಕಾಸರಗೋಡಿನಲ್ಲಿ ಹಳೆಯ ಬಿಡಿಭಾಗ ಮಾರುವ ಸಫೀರ್ ಹುಡುಕಿಕೊಟ್ಟಿದ್ದಾನೆ. ಶುಕ್ರವಾರ ಸಂಜೆಯ ಬಸ್ಸಿನಲ್ಲಿ, ಮಲಯಾಳ ಪೇಪರಿನಲ್ಲಿ ಸುತ್ತಿಕೊಂಡು ಅದು ಗಡಿ ದಾಟಿ ಬಂದಿದೆ. ಅಂಗೈ ಅಗಲದ, ಅರ್ಧ ಎತ್ತರದ ಕಾರ್ಡ್. ಅಂಗಡಿಯ ಕಂಪ್ಯೂಟರಿಗೆ ಹಾಕಿ ನೋಡಿದರೆ ಚೆನ್ನಾಗಿಯೇ ಓಡಿತು. ಆದರೆ ಅದನ್ನು ಪೆಟ್ಟಿಗೆಗೆ ಬಿಗಿಯುವ ಗಿಡ್ಡ ಪಟ್ಟಿಯೇ ಇಲ್ಲ! ಜೊತೆಗೆ ಬಂದದ್ದು ಉದ್ದದ ಪಟ್ಟಿ, ದೊಡ್ಡ ಪೆಟ್ಟಿಗೆಯದ್ದು. ಪಟ್ಟಿಯಿಲ್ಲದೆ ಬರೀ ಸಿಕ್ಕಿಸಿ ಕಳುಹಿಸಿದರೆ ಸುಳ್ಯ ದಾಟುವುದರೊಳಗೆ ಬಸ್ಸಿನ ಕುಲುಕಾಟಕ್ಕೆ ಕಾರ್ಡ್ ಕಳಚಿ ಬೀಳುತ್ತದೆ.

ಬೆಳಗಿನ ಏಳು ಗಂಟೆ. ಪಾತುಮ್ಮ ಬಿಸ್ಕತ್ತಿನ ಡಬ್ಬಿಯ ತಗಡು ಕತ್ತರಿಸಿ ಬಗ್ಗಿಸುತ್ತಾರೆ. ಅದು ತೆಳು, ಸ್ಕ್ರೂ ತಿರುಗಿಸಿದರೆ ಮುದುಡುತ್ತದೆ. ಮತ್ತೊಂದು ತುಂಡು, ಅದೂ ಹಾಗೆಯೇ. ಒಂಬತ್ತಕ್ಕೆ ಭವಿತಾ ಬರುತ್ತಾಳೆ. ಪಾತುಮ್ಮ ಮುದುಡಿದ ತುಂಡುಗಳನ್ನು ಬದಿಗೆ ಸರಿಸಿ ಎದ್ದು, ಮೇಜಿನ ಕೆಳಗಿನ ಡ್ರಾಯರ್ ಎಳೆದು, ಬಟ್ಟೆಯಲ್ಲಿ ಸುತ್ತಿಟ್ಟ ಏನನ್ನೋ ತೆಗೆಯುತ್ತಾರೆ. ಬೀಡಿ ಎಲೆಯ ಅಳತೆ ತಗಡು. ಅಂಚೆಲ್ಲ ನುಣುಪಾಗಿ ಹೊಳೆಯುತ್ತಿದೆ. ಇಪ್ಪತ್ತೆರಡು ವರ್ಷ ಹೆಬ್ಬೆರಳು ಒತ್ತಿದ ಜಾಗದಲ್ಲಿ ಸಣ್ಣ ಗುಳಿಯೂ ಇದೆ.

ತಗಡಿನ ಕತ್ತರಿ ಅದರ ಮೇಲೆ ಇಳಿದಾಗ ಭವಿತಾಳೇ ಬೆಚ್ಚುತ್ತಾಳೆ. "ಅಯ್ಯೋ ಪಾತುಮ್ಮಕ್ಕ, ನೆನಪಿಗೆ ಇಟ್ಟದ್ದಲ್ವಾ ಅದು?"

"ನೆನಪು ಬೆನ್ನಲ್ಲಿ ಉಂಟು, ಡ್ರಾಯರಿನಲ್ಲಿ ಬೇಡ," ಎನ್ನುತ್ತ ಅವರು ತಗಡನ್ನು ನಡುವಿಗೇ ಸೀಳುತ್ತಾರೆ. "ಇಷ್ಟು ವರ್ಷ ಇದರ ಅಳತೆಗೆ ನಾನು ಕತ್ತರಿಸಿದ್ದು. ಇವತ್ತು ನನ್ನ ಅಳತೆಗೆ ಇದು ಬರ್ಲಿ."

ಇಕ್ಕಳದಲ್ಲಿ ಹಿಡಿದು ಮಡಿಸಿ, ಅರದಿಂದ ಅಂಚು ತಿಕ್ಕಿ, ತೂತು ಕೊರೆದು, ಒಂದು ತುದಿಯನ್ನು ಕಾರ್ಡಿಗೂ ಇನ್ನೊಂದನ್ನು ಪೆಟ್ಟಿಗೆಗೂ ಬಿಗಿಯುತ್ತಾರೆ. ಕಾರ್ಡ್ ಅಲುಗುವುದಿಲ್ಲ. ಸ್ವಿಚ್ ಒತ್ತಿದರೆ ಪರದೆ ಬೆಳಗುತ್ತದೆ, ಭವಿತಾಳ ಕಟ್ಟದ ಮನೆಯ ಬಾಗಿಲು ತೆರೆದು, ಮೆಟ್ಟಿಲು ಹತ್ತಿ, ಟೆರೇಸಿನವರೆಗೆ ಚಿತ್ರ ಸರಾಗವಾಗಿ ಹೋಗುತ್ತದೆ. ಪಾತುಮ್ಮನವರಿಗೆ ಹಿಗ್ಗೋ ಹಿಗ್ಗು. ಎದುರಿನ ಹೋಟೆಲಿನಿಂದ ಎರಡು ಚಾ ಬರುತ್ತದೆ. ಆ ಖುಷಿಯಲ್ಲಿ ಅವರು ಪ್ರತಿಸಲ ತಪ್ಪದೆ ಮಾಡುವ ಒಂದು ಕೆಲಸ ಮರೆತುಬಿಡುತ್ತಾರೆ.

ಭವಿತಾ ಹನ್ನೊಂದರ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹೊರಡುತ್ತಾಳೆ. ಮಧ್ಯಾಹ್ನ ಮೂರಕ್ಕೆ ಫೋನು ಬರುತ್ತದೆ. ಆ ಕಡೆ ಅಳು. "ಎಂತದೂ ಕಾಣುದಿಲ್ಲ ಅಕ್ಕ, ಬರೀ ಕಪ್ಪು. ಪುತ್ತೂರಿನವರು ಹೇಳಿದ ಹಾಗೆಯೇ ಆಯ್ತು."

ಪಾತುಮ್ಮ ಮೊದಲು ತಮ್ಮ ಕಂಪ್ಯೂಟರಿನ ಕಡೆ ನೋಡುತ್ತಾರೆ. ಕೊಟ್ಟ ಮಾತು ಮಾತೇ. ಆಮೇಲೆ ಪ್ರಶ್ನೆಗಳು ಶುರು. ಕೊಲ್ಲಮೊಗ್ರಿನ ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ ಮಾತ್ರ. ಪ್ರತಿ ಪ್ರಶ್ನೆಗೂ ಭವಿತಾ ಒಳಗೆ ಓಡಿ ನೋಡಿ, ಮತ್ತೆ ಹೊರಗೆ ಓಡಿ ಬಂದು ಹೇಳಬೇಕು. ಸುಟ್ಟ ವಾಸನೆ ಉಂಟಾ? ಇಲ್ಲ. ಫ್ಯಾನು ತಿರುಗ್ತದಾ? ತಿರುಗ್ತದೆ. ಕಾರ್ಡಿನ ಸಣ್ಣ ಫ್ಯಾನು? ಅದೂ ತಿರುಗ್ತದೆ. ತಗಡು ಅಲುಗ್ತದಾ? ಇಲ್ಲವೇ ಇಲ್ಲ. ನಾಲ್ಕನೇ ಸಲ ಓಡಿ ಬಂದಾಗ ಹುಡುಗಿಗೆ ಏದುಸಿರು. ಆಗ ಪಾತುಮ್ಮ ಹಣೆ ಚಚ್ಚಿಕೊಳ್ಳುತ್ತಾರೆ.

"ಮಾನಿಟರಿನ ಕೇಬಲ್ ಎಲ್ಲಿಗೆ ಹಾಕಿದ್ದಿ?"

"ಮೊದಲಿದ್ದಲ್ಲಿಗೇ."

"ಅದೇ! ಪೆಟ್ಟಿಗೆಯ ಹಿಂದೆ ಒಂದೇ ನಮೂನೆಯ ತೂತು ಎರಡುಂಟು ನೋಡು. ಮೇಲಿನದ್ದು ನಿಂತಿದೆ, ಕೆಳಗಿನದ್ದು ಮಲಗಿದೆ. ಮೊದಲಿನದ್ದು ಇನ್ನು ಕೆಲಸ ಮಾಡುದಿಲ್ಲ, ಚಿತ್ರ ಈಗ ಬರುದು ಕಾರ್ಡಿನಿಂದ. ಮಲಗಿದ್ದಕ್ಕೆ ಹಾಕು."

ಇದೇ ಆ ಮರೆತ ಕೆಲಸ. ಕಾರ್ಡ್ ಹಾಕಿದ ಮೇಲೆ ಹಳೆಯ ತೂತಿಗೆ ಕಾಗದ ಅಂಟಿಸಿಯೇ ಅವರು ಪೆಟ್ಟಿಗೆ ಕಳುಹಿಸುವುದು. ಇಂದು ಅಂಟಿಸಲಿಲ್ಲ. ಫೋನು ಕೆಳಗಿಡದೆ ನಿಂತಿದ್ದಾರೆ. ಕಾಸರಗೋಡಿನ ಬಸ್ಸು ಬಂದು ನಿಂತು, ಜನ ಇಳಿಸಿ ಹೋಗುತ್ತದೆ. ಕೊನೆಗೆ ಆ ಕಡೆಯಿಂದ ಅಂಗಳದಲ್ಲಿ ಓಡಿ ಬರುವ ಕಾಲ ಸಪ್ಪಳ, ಮಾತಿಗೆ ಮೊದಲೇ ನಗು.

"ತಪ್ಪು ನನ್ನದು ಮಗಳೇ, ಬರಿದೇ ನಿನ್ನನ್ನು ಅಳಿಸಿದೆ," ಎನ್ನುವಾಗ ಪಾತುಮ್ಮನವರ ಕಣ್ಣೂ ಒದ್ದೆ. ಅದನ್ನು ಅವರು ಮರೆಮಾಚುವುದೂ ಇಲ್ಲ.

ಸೋಮವಾರ ಒಂಬತ್ತೂವರೆಗೆ ಚಿತ್ರ ಸುಳ್ಯ ತಲುಪಿತು. ಕೆಲಸ ಭವಿತಾಳ ಬಳಿಯೇ ಉಳಿಯಿತು, ಇನ್ನೆರಡು ಮನೆಯ ನಕ್ಷೆಯೂ ಸಿಕ್ಕಿತು. ಮಧ್ಯಾಹ್ನ ಅವಳು ಫೋನು ಮಾಡಿ ಪುತ್ತೂರಿಗೆ ಹೋಗಿ ಆ ಅಂಗಡಿಯವನಿಗೆ ತೋರಿಸಿ ಬರಲೇ ಎಂದಾಗ, "ಬಸ್ಸಿನಲ್ಲಿ ಸುಮ್ಮನೆ ಕುಲುಕಿಸಬೇಡ. ಅವನೇ ಬೇಕಿದ್ರೆ ಬರ್ಲಿ, ಸ್ಟೂಲು ಉಂಟು," ಎಂದು ಪಾತುಮ್ಮ ಗದರಿದ್ದಾರೆ.

ಬೋರ್ಡಿನಲ್ಲಿ ನಿಮ್ಮ ಹೆಸರು ಬೇಡವೇ ಎಂದು ಕೇಳಿದರೆ ಅವರಿಗೆ ನಗು. ಅಣ್ಣನ ಹೆಸರು ಮಳೆಗೆ ಹೇಗೂ ಮಾಸುತ್ತಿದೆ, ತಾನಾಗಿ ಹೋಗಲಿ ಎನ್ನುತ್ತಾರೆ. ಬೇರೆ ಆಸೆ? ಸ್ವಲ್ಪ ಯೋಚಿಸಿ, ಡ್ರಾಯರ್ ಎಳೆದು, ಬಟ್ಟೆ ಬಿಚ್ಚಿ, ತಗಡಿನ ಉಳಿದರ್ಧವನ್ನು ಅಂಗೈಯಲ್ಲಿಟ್ಟು ತೋರಿಸುತ್ತಾರೆ. ಹೆಬ್ಬೆರಳಿನ ಗುಳಿ ಇರುವುದು ಇದರಲ್ಲೇ.

"ಇನ್ನೂ ಒಂದು ಕಾರ್ಡಿಗೆ ಆಗ್ತದೆ."