ನೀರು ಮುಟ್ತು

ಮಣಿಕೊಂಡದ ನಮ್ಮ ಗಲ್ಲಿಯಲ್ಲಿ ಅಗ್ನಿಶಾಮಕ ವಾಹನದ ಡ್ರೈವರೊಬ್ಬರಿದ್ದರು. ಬೆಂಕಿ ಎಂಬ ಮಾತೇ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಇವತ್ತು ಎಲ್ಲಿ ಹತ್ತಿತ್ತು ಎಂದು ಕೇಳಿದರೆ, ಬೂಟು ಬಿಚ್ಚುತ್ತಾ, "ನೀರು ಒಯ್ದಿದ್ವಿರಿ, ಮುಟ್ತು" ಎನ್ನುತ್ತಿದ್ದರು.

ಒಂದು ಬೇಸಿಗೆ, ಹಿಂದಿನ ಗುಡ್ಡದ ಕುರುಚಲು ಕಾಡಿಗೆ ಹತ್ತಿದ ಬೆಂಕಿ ನಮ್ಮ ಹಿತ್ತಿಲ ತನಕ ಇಳಿಯಿತು. ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ಓಡುವವರೇ. ಗಲ್ಲಿಯ ತುಂಬ ಕಾರುಗಳು. ಅಗ್ನಿಶಾಮಕ ವಾಹನಕ್ಕೆ ದಾರಿಯಿಲ್ಲ. ರಜೆಯಲ್ಲಿದ್ದ ಅವರು ಲುಂಗಿಯಲ್ಲೇ ಬಂದು ಕೂಗಿದರು: "ನೀರು ಬರಾಕತ್ತೈತಿ, ಗಾಡಿ ತೆಗೀರಿ!" ಬೇಸಿಗೆಯಿಡೀ ಟ್ಯಾಂಕರಿಗೆ ಕಾಯುವ ಜನ ನಾವು, ಆ ಮಾತಿಗೆ ನಿಂತೆವು, ತಿರುಗಿ ಬಂದು ಗಾಡಿ ತೆಗೆದೆವು. ಮನೆಗಳು ಉಳಿದವು.

ಮರುದಿನ ಗುಡ್ಡದ ಮೇಲೆ ಅವರು ಸುಟ್ಟ ಸೀತಾಫಲದ ಗಿಡಕ್ಕೆ ಚೊಂಬಿನಿಂದ ನೀರು ಹಾಕುತ್ತಿದ್ದರು.

"ಅದರಾಗ ಏನು ಉಳದೈತ್ರಿ?" ಎಂದೆ.

"ಬೇರಿಗೆ ಮುಟ್ತು ಬಿಡ್ರಿ" ಎಂದರು.